ಹೋಬಳಿಗೆ ಬಾರದ ಫೈರ್ ಇಂಜಿನ್

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ವಾಯವ್ಯದ ಅಂಚಿಗಿರುವುದು ಸಾಸಲು. ಗೌರಿಬಿದನೂರು, ಕೊರಟಗೆರೆ ಸೀಮೆಗಳ ಕಡೆ ಮುಖ ಮಾಡಿದ ಈ ಭಾಗಕ್ಕೆ ಜಿಲ್ಲೆಯ ಹೆಸರಿನಲ್ಲಷ್ಟೇ ಬೆಂಗಳೂರು. ಬೇಸಾಯ ರಾಗಿ, ಮುಸುಕಿನ ಜೋಳದ್ದು. ವಾರ ವಾರ ಕೈಗೆ ಕಾಸು ಕಾಣಿಸುವುದು ಡೇರಿಗೆ ಹಾಕುವ ಹಾಲು. ಇಂಥ ಕಡೆ ಬಣವೆಗೋ ಕೊಟ್ಟಿಗೆಗೋ ಬೆಂಕಿ ಬಿದ್ದರೆ ಗಾಡಿ ಬರಬೇಕಾದದ್ದು ತಾಲ್ಲೂಕು ಕೇಂದ್ರದಿಂದ. ಸರ್ಕಾರಿ ವಾಹನಗಳಿಗೆ 15 ವರ್ಷದ ಮಿತಿ ಬಂದ ಮೇಲೆ ರಾಜ್ಯದ ಹಲವು ತಾಲ್ಲೂಕು ಠಾಣೆಗಳಲ್ಲಿ ಹಳೆಯ ಅಗ್ನಿಶಾಮಕ ವಾಹನಗಳು ಶೆಡ್ಡಿನಲ್ಲಿ ನಿಂತವು. ಹೊಸದಕ್ಕೆ ದುಡ್ಡೆಲ್ಲಿ, ಹಳೆಯದನ್ನೇ ಓಡಿಸಿದರೇನು ಎಂಬ ಚರ್ಚೆ ಎದ್ದಿತು. ಆ ಚರ್ಚೆ ನಿಂತದ್ದು ವಾಹನದ ವಯಸ್ಸಿನಲ್ಲಿ. ಆದರೆ ತೊಂದರೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಬೆಂಕಿ ಆರಿಸುವ ವ್ಯವಸ್ಥೆ ಹುಟ್ಟಿದ್ದೇ ಪಟ್ಟಣಕ್ಕಾಗಿ. ಅದರ ಕಾನೂನು, ಅದರ ತೆರಿಗೆ, ಅದರ ಸಾಲ ಎಲ್ಲವೂ ಪಟ್ಟಣದ ಆಸ್ತಿಯನ್ನು ನೋಡಿಕೊಂಡೇ ಬೆಳೆದವು. ಹಳ್ಳಿಯ ಪಾಲಿಗೆ ದಕ್ಕಿದ್ದು ಪಟ್ಟಣದ ಗಾಡಿಯಲ್ಲಿ ಒಂದು ಸರದಿ ಮಾತ್ರ. ಹಾಗಾಗಿ ಒಂದು ಗಾಡಿ ಮೂಲೆ ಸೇರಿದರೆ ನಗರಕ್ಕೆ ಹತ್ತರಲ್ಲಿ ಒಂದು ಕಡಿಮೆ, ಸಾಸಲಿನಂಥ ಹೋಬಳಿಗೆ ಇದ್ದೊಂದೂ ಇಲ್ಲ.

ಹಳೆ ಮೈಸೂರಿನ ಹಳ್ಳಿಗಳು ಬೆಂಕಿಯ ಭಯವಿಲ್ಲದೆ ಬದುಕಿದವೇನಲ್ಲ. ಊರಿನ ವಿನ್ಯಾಸದಲ್ಲೇ ಆ ಭಯದ ಗುರುತುಗಳಿವೆ. ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಳ್ಳರಿಂದ, ಹುಳುವಿನಿಂದ ಕಾಯುವುದರ ಜೊತೆಗೆ ಮೇಲೆ ಊರು ಉರಿದರೂ ಕೆಳಗೆ ಕಾಳು ಉಳಿಯುತ್ತಿತ್ತು. ಕಣ ಊರಾಚೆ, ಬಣವೆ ಕಣದ ಬದಿಗೆ. ಬಯಲು ಸೀಮೆಯ ಮಣ್ಣಿನ ಮಾಳಿಗೆ ಮನೆ ಸುಲಭಕ್ಕೆ ಹೊತ್ತಿಕೊಳ್ಳದು. ಹೊತ್ತಿಕೊಳ್ಳುತ್ತಿದ್ದುದು ಊರಂಚಿನ ಗುಡಿಸಲುಗಳು, ಅಂದರೆ ಬಡವರ, ದಲಿತರ ಕೇರಿಗಳು. ಇದನ್ನು ಮರೆತು ಹಳೆಯ ಹಳ್ಳಿಯನ್ನು ಹೊಗಳಲಾಗದು. ನೀರಿಗೆ ಕೆರೆ, ಬಾವಿ. ಬೆಂಕಿ ಬಿದ್ದರೆ ಬಿಂದಿಗೆ, ಕೊಡ ಹಿಡಿದು ಜನವೇ ಸಾಲು ನಿಲ್ಲುವುದು, ಉರಿಯುವ ಗುಡಿಸಲ ಪಕ್ಕದ್ದರ ಸೋಗೆಯನ್ನು ಕಿತ್ತೆಳೆಯುವುದು. ಇವತ್ತಿಗೆ ಆ ಏರ್ಪಾಡಿನ ಒಂದೊಂದು ಕಂಬವೂ ಸಡಿಲವಾಗಿದೆ. ಹಗೇವುಗಳು ಮುಚ್ಚಿಹೋದವು, ಊರು ಬೆಳೆದು ಕಣಗಳ ಮೇಲೆ ಮನೆ ಎದ್ದವು, ಬಣವೆ ಎರಡು ಮನೆಗಳ ನಡುವಿನ ಹಿತ್ತಿಲಿಗೆ ಬಂತು. ತಲೆಯ ಮೇಲೆ ವಿದ್ಯುತ್ ತಂತಿ ಹಾಯ್ದುಹೋಯಿತು. ಹುಲ್ಲು ಹೇರಿದ ಟ್ರ್ಯಾಕ್ಟರ್ ಜೋತುಬಿದ್ದ ತಂತಿಗೆ ತಗುಲಿ ಹೊತ್ತಿಕೊಳ್ಳುವುದು ಸುಗ್ಗಿಯ ನಂತರದ ತಿಂಗಳುಗಳಲ್ಲಿ ಪತ್ರಿಕೆಯ ಜಿಲ್ಲಾ ಪುಟದ ಮಾಮೂಲಿ ಸುದ್ದಿ. ಕೆರೆ ಒಣಗಿದರೆ ಕೊಳವೆಬಾವಿ. ಅದರ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಬರುವುದು ದಿನದ ಗೊತ್ತಾದ ಕೆಲವು ಗಂಟೆ ಮಾತ್ರ. ಬೆಂಕಿಗೆ ಆ ವೇಳಾಪಟ್ಟಿ ತಿಳಿದಿಲ್ಲ.

ಅತ್ತ ಸರ್ಕಾರದ ಕಣ್ಣಿಗೆ ಬಿದ್ದ ಬೆಂಕಿಗಳೇ ಬೇರೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದಕ್ಕೆ ಬಳಸಿದ್ದು ಕಲ್ಲು, ಇಟ್ಟಿಗೆ, ಕಬ್ಬಿಣ. ಅರಮನೆ ಬೆಂಕಿಯಿಂದ ಪಾಠ ಕಲಿಯಿತು, ಸಂಸ್ಥಾನದ ಹಳ್ಳಿಗಳಿಗೆ ಅದರಿಂದ ಏನೂ ಇಳಿದುಬರಲಿಲ್ಲ. ಮುಂದೆ ಬಂದದ್ದು ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳ ಭೀತಿ ದಕ್ಷಿಣ ಭಾರತದ ನಗರಗಳನ್ನು ಆವರಿಸಿದಾಗ, ವಿಮಾನ ಕಾರ್ಖಾನೆಯಿದ್ದ ಬೆಂಗಳೂರಿನಲ್ಲಿ ಅಗ್ನಿಶಾಮಕ ಠಾಣೆಗಳು ತಲೆಯೆತ್ತಿದವು, ಪೊಲೀಸ್ ಇಲಾಖೆಯ ನೆರಳಿನಲ್ಲಿ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೇ ತುಂಬಿಕೊಂಡಿದ್ದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಅದೇ ದಿನ ಎಲ್ಲ ಠಾಣೆಗಳಲ್ಲಿ ಹುತಾತ್ಮರಿಗೆ ಗೌರವ ಸಲ್ಲಿಸಿ ಅಗ್ನಿಶಾಮಕ ಸೇವಾ ಸಪ್ತಾಹ ಶುರುಮಾಡುತ್ತಾರೆ. ಆ ಗೌರವ ಸಲ್ಲಲೇಬೇಕಾದದ್ದು. ಆದರೂ ಗಮನಿಸಿ: ಅರಮನೆ, ವಿಮಾನ ಕಾರ್ಖಾನೆ, ಬಂದರು. ಈ ಸೇವೆಯ ನೆನಪಿನ ಪುಟಗಳಲ್ಲಿ ಒಂದು ರಾಗಿ ಮೆದೆಯೂ ಉರಿದಿಲ್ಲ.

ಸ್ವಾತಂತ್ರ್ಯದ ನಂತರ ಹಳ್ಳಿಯ ಹಳೆಯ ವ್ಯವಸ್ಥೆ ಮುರಿದದ್ದೂ ಹೊಸದು ಕಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು. 1963ರ ಫೆಬ್ರುವರಿಯಿಂದ ಜಾರಿಯಾಗಿ ಶಾನುಭೋಗ, ಪಟೇಲ, ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಕೆಲಸಗಳನ್ನು ಕೊನೆಗಾಣಿಸಿತು. ಅದು ಆಗಬೇಕಾಗಿದ್ದ ಕೆಲಸವೇ. ಜಾತಿಗೆ ಕಟ್ಟಿಹಾಕಿದ ಬಿಟ್ಟಿಚಾಕರಿಯನ್ನು ಉಳಿಸಿಕೊಳ್ಳಬೇಕಿತ್ತೆಂದು ಯಾರೂ ಹೇಳಲಾರರು. ಆದರೆ ರಾತ್ರಿ ಕಾವಲು ತಿರುಗುವವನು, ಕೆರೆಯ ತೂಬಿನ ಹೊಣೆ ಹೊತ್ತವನು ಹೋದ ಜಾಗಕ್ಕೆ ಯಾರು ಬರಬೇಕೆಂಬುದನ್ನು ಆ ಕಾಯ್ದೆ ಹೇಳಲಿಲ್ಲ. ಮರುವರ್ಷ, 1964ರಲ್ಲಿ, ಅಗ್ನಿಶಾಮಕ ದಳದ ಕಾಯ್ದೆ ಬಂತು. ಇಡೀ ರಾಜ್ಯಕ್ಕೆ ಒಂದೇ ದಳ, ಖರ್ಚು ರಾಜ್ಯದ್ದು, ಪೊಲೀಸರಿಂದ ಪ್ರತ್ಯೇಕ ಇಲಾಖೆ. ವೆಚ್ಚ ತೂಗಿಸಲು ಅಗ್ನಿ ತೆರಿಗೆಗೂ ಅದರಲ್ಲಿ ಜಾಗವಿತ್ತು; ಅದು ನಿಂತದ್ದು ಸ್ಥಳೀಯ ಸಂಸ್ಥೆಗಳು ಕಟ್ಟಡ, ನಿವೇಶನಗಳ ಮೇಲೆ ಹಾಕುವ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡು. ತೆರಿಗೆಯ ಕಣ್ಣಿನಲ್ಲಿ ಆಸ್ತಿಯೆಂದರೆ ಗೋಡೆ, ಚಾವಣಿ. ಬಣವೆ, ಮೆದೆ, ತೋಪು ಆ ಲೆಕ್ಕಕ್ಕೆ ಬಾರವು. ಇತ್ತೀಚೆಗೆ ರಾಜ್ಯದಲ್ಲಿ ಮಾತಿಗೆ ಬಂದ ಶೇ 1ರ ಅಗ್ನಿ ಸೆಸ್ ಕೂಡ ಎತ್ತರದ ಹೊಸ ಕಟ್ಟಡಗಳನ್ನು ಗುರಿಯಾಗಿಸಿದ್ದು.

ಇದಕ್ಕೆ ಮುದ್ರೆ ಒತ್ತಿದ್ದು ಸಂವಿಧಾನದ ತಿದ್ದುಪಡಿ. 1992ರ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿಗಳಿಗೂ ನಗರಸಭೆಗಳಿಗೂ ಕೆಲಸಗಳ ಪಟ್ಟಿ ಕೊಟ್ಟವು. ನಗರಗಳ ಹನ್ನೆರಡನೇ ಅನುಸೂಚಿಯಲ್ಲಿ 18 ಬಾಬ್ತುಗಳಿವೆ, ಏಳನೆಯದು ಅಗ್ನಿಶಾಮಕ ಸೇವೆ. ಪಂಚಾಯಿತಿಗಳ ಹನ್ನೊಂದನೇ ಅನುಸೂಚಿಯಲ್ಲಿ 29 ಬಾಬ್ತುಗಳು: ಕೃಷಿ, ಪಶುಪಾಲನೆ, ಮೀನುಗಾರಿಕೆ, ಇಂಧನ ಮತ್ತು ಮೇವು, ಸಂತೆ, ಜಾತ್ರೆ ಎಲ್ಲ ಉಂಟು. ಮೇವು ಬೆಳೆಸುವುದು ಪಂಚಾಯಿತಿಯ ಕೆಲಸ. ಆ ಮೇವಿಗೆ ಬೆಂಕಿ ಬಿದ್ದರೆ ಆರಿಸುವುದು ಪಟ್ಟಿಯಲ್ಲಿಲ್ಲ. ಸಾಲದ ಕಥೆಯೂ ಇಂಥದ್ದೇ. 1980ರ ದಶಕದಲ್ಲಿ ರಾಜ್ಯಗಳು ಅಗ್ನಿಶಾಮಕ ವಾಹನ, ಉಪಕರಣ ಕೊಳ್ಳಲು ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ನಿಗಮದಿಂದ ಸಾಲ ಪಡೆಯುತ್ತಿದ್ದವು. ವಿಮಾ ಕಂಪನಿ ಬೆಂಕಿ ಆರಿಸಲು ಸಾಲ ಕೊಡುವುದರಲ್ಲಿ ತರ್ಕವಿದೆ. ಲಂಡನ್ನಿನ ಮೊದಲ ಬೆಂಕಿದಳಗಳನ್ನು ನಡೆಸಿದ್ದೇ ವಿಮಾ ಕಂಪನಿಗಳು, 1666ರ ಮಹಾ ಬೆಂಕಿಯ ಮೇಲೆ. ತಾವು ವಿಮೆ ಕೊಟ್ಟ ಮನೆ ಉಳಿದರೆ ತಮ್ಮ ಹಣ ಉಳಿಯಿತು. ಗೋದಾಮಿಗೆ, ಮಗ್ಗದ ಶೆಡ್ಡಿಗೆ ಪಾಲಿಸಿ ಇರುತ್ತದೆ. ರಾಗಿ ಹುಲ್ಲಿನ ಬಣವೆಗೆ ವಿಮೆ ಮಾಡಿಸಿದ ರೈತ ಸಿಗುವುದು ಕಷ್ಟ.

ಇನ್ನು ದೂರದ ಲೆಕ್ಕ. ಬೆಂಕಿಯ ಕರೆ ಬಂದ ಮೇಲೆ ನಗರದಲ್ಲಿ ಐದರಿಂದ ಏಳು ನಿಮಿಷಕ್ಕೆ, ಹಳ್ಳಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಗಾಡಿ ತಲುಪಬೇಕೆಂಬುದು ದೇಶದ ಅಗ್ನಿಶಾಮಕ ಯೋಜನೆಗಳು ಇಟ್ಟುಕೊಂಡು ಬಂದಿರುವ ಅಳತೆ. ತುಂಬಿದ ಗಾಡಿ ತಾಲ್ಲೂಕು ರಸ್ತೆಯಲ್ಲಿ ಸರಾಸರಿ ಗಂಟೆಗೆ 40 ಕಿಲೋಮೀಟರ್ ಹೋದರೆ ಇಪ್ಪತ್ತು ನಿಮಿಷಕ್ಕೆ ಸಾಗುವುದು ಸುಮಾರು 13 ಕಿಲೋಮೀಟರ್. ದೊಡ್ಡಬಳ್ಳಾಪುರ ಪಟ್ಟಣವನ್ನು ನಡುವೆ ಇಟ್ಟು ಅಷ್ಟು ದೂರಕ್ಕೆ ಗೆರೆ ಎಳೆದರೆ ಮಗ್ಗಗಳ ಪಟ್ಟಣ ಒಳಗೆ, ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಒಳಗೆ, ಸಾಸಲು ಹೊರಗೆ. ಠಾಣೆಯಲ್ಲಿ ಎಲ್ಲ ಸರಿಯಿದ್ದ ದಿನದ ಮಾತಿದು. ಗಾಡಿ ಆಗಲೇ ಇನ್ನೊಂದು ಕರೆಗೆ ಹೋಗಿದ್ದರೆ ಪಕ್ಕದ ತಾಲ್ಲೂಕಿನಿಂದ ಬರಬೇಕು. ಇದೇ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ದೇವನಹಳ್ಳಿ ಬಳಿ, 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ರನ್‌ವೇಯ ಯಾವ ತುದಿಗಾದರೂ ಅಗ್ನಿಶಾಮಕ ವಾಹನ ಮೂರು ನಿಮಿಷದೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ದೊಡ್ಡ ವಿಮಾನಗಳು ಇಳಿಯುವಂತಿಲ್ಲ. ವಿಮಾನಕ್ಕೂ ಬಣವೆಗೂ ಸಮ ಕಟ್ಟುವುದು ಸರಿಯಲ್ಲ, ನಿಜ. ನನ್ನ ಮಾತು ನಿಯಮದ ಸ್ವರೂಪದ ಬಗ್ಗೆ: ಅಲ್ಲಿ ನಿಮಿಷ ಮೊದಲು ನಿಗದಿಯಾಗಿ ಅದಕ್ಕೆ ತಕ್ಕಷ್ಟು ಗಾಡಿ ತಂದರು. ಇಲ್ಲಿ ಗಾಡಿ ಮೊದಲು, ನಿಮಿಷ ಹಣೆಬರಹ.

ಈಗ ಆ ಗಾಡಿಯನ್ನೇ ನೋಡೋಣ. ಸಾಮಾನ್ಯ ವಾಟರ್ ಟೆಂಡರ್ ಹೊರುವುದು 4,500 ಲೀಟರ್ ನೀರು, ಅಂದರೆ ನಾಲ್ಕೂವರೆ ಟನ್. ನೀರು ಮೂಟೆಯಂತೆ ಕೂತಲ್ಲೇ ಕೂರುವ ಸರಕಲ್ಲ. ಟ್ಯಾಂಕು ಅರ್ಧ ಖಾಲಿಯಾದಾಗ ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಟ್ಯಾಂಕಿನೊಳಗೆ ಅಡ್ಡಹಲಗೆಗಳಿರುತ್ತವೆ, ಅವು ತುಕ್ಕು ಹಿಡಿದು ಬಿಟ್ಟುಕೊಂಡರೆ ಹೊರಗಿನಿಂದ ಕಾಣದು. ಸೋರುವ ನೀರು ಚಾಸಿಯನ್ನು ವರ್ಷವಿಡೀ ತಿನ್ನುತ್ತಿರುತ್ತದೆ. ಪಂಪು ತಿರುಗುವುದೂ ಇದೇ ಇಂಜಿನ್ನಿನ ಬಲದಿಂದ. ಗಾಡಿ ಬೆಂಕಿಯ ಎದುರು ಮೂರು ಗಂಟೆ ನಿಂತು ನೀರು ದೂಡಿದರೂ ಮೀಟರಿನಲ್ಲಿ ಒಂದು ಕಿಲೋಮೀಟರೂ ಏರದು. ‘ಇಷ್ಟು ಕಡಿಮೆ ಓಡಿರೋ ಗಾಡೀನ ಗುಜರಿಗೆ ಹಾಕ್ತೀರಾ’ ಎಂದು ಕೇಳುವವರು ಮೀಟರನ್ನು ಮಾತ್ರ ನೋಡಿರುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯ 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆ ಆ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದು, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವನ್ನು ನಿಲ್ಲಿಸಿತು. ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಬೆಂಕಿ ಆರಿಸುವ ವಾಹನದ ಹೆಸರು ಆ ವಾಕ್ಯದಲ್ಲಿಲ್ಲ. ಅಗ್ನಿಶಾಮಕ ಇಲಾಖೆ ಇಂದಿಗೂ ಗೃಹ ಖಾತೆಯಲ್ಲೇ ಇದೆ, ಅದರ ತಲೆಯಾಳು ಐಪಿಎಸ್ ಅಧಿಕಾರಿಯೇ. ಅರವತ್ತರ ದಶಕದಲ್ಲಿ ಪೊಲೀಸರಿಂದ ಬೇರೆಯಾಗದೆ ಇದ್ದಿದ್ದರೆ ಯಾರಾದರೂ ಗುಮಾಸ್ತ ಅದನ್ನೂ ಸುವ್ಯವಸ್ಥೆಯ ಲೆಕ್ಕಕ್ಕೆ ತೂರಿಸುತ್ತಿದ್ದನೇನೋ!

ಹಾಗಾದರೆ ನಿಯಮವೇ ತಪ್ಪೆ? ಹಳೆಯ ಗಾಡಿಯೂ ಇಲ್ಲದಿರುವುದಕ್ಕಿಂತ ಮೇಲು ಎನ್ನುವ ವಾದಕ್ಕೆ ಬಲವಿದೆ. ಹಳ್ಳಿಯವರು ಹಾಗೆ ಕೇಳಿದರೆ ತಪ್ಪೆನ್ನಲಾಗದು. ಆದರೆ ಆ ಗಾಡಿಯಲ್ಲಿ ಐದಾರು ಜನ ಕೂತಿರುತ್ತಾರೆ, ಎದುರಿಗೆ ಬರುವ ಬೈಕಿನಲ್ಲಿ ಗಂಡ ಹೆಂಡತಿ ಮಗು ಇರುತ್ತಾರೆ. ಸೈರನ್ ಹಾಕಿಕೊಂಡು ಏರುಪೇರಿನ ರಸ್ತೆಯಲ್ಲಿ ನುಗ್ಗುವ ಗಾಡಿಯ ಬ್ರೇಕನ್ನು ಅದೃಷ್ಟಕ್ಕೆ ಬಿಡಲು ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಶಿಫಾರಸು ಕೂಡ 15 ವರ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ, ಒಂದು ಮೆಟ್ಟಿಲು ಹೆಚ್ಚಿಟ್ಟುಕೊಂಡು: 15 ದಾಟಿದ್ದನ್ನು ಮೊದಲ ಸಾಲಿನಿಂದ ತೆಗೆದು ಮೀಸಲಿಗೆ ಇಡಿ, 25 ದಾಟಿದರೆ ಬದಲಿಸಿ. ಅಲ್ಲಿಯ ಗಾಡಿ, ಅಲ್ಲಿಯ ರಸ್ತೆ ಬೇರೆ ಎಂಬುದನ್ನು ಒಪ್ಪಿದರೂ ಆ ಮೀಸಲಿನ ಮೆಟ್ಟಿಲಿನಲ್ಲಿ ವಿವೇಕವಿದೆ. ಪಂಪು, ಬ್ರೇಕು, ಚಾಸಿ ಪರೀಕ್ಷೆಯಲ್ಲಿ ಪಾಸಾದ ವಾಹನ ಹೊಸದು ಬರುವವರೆಗೆ ಎರಡನೆಯ ಕರೆಗೆ ಹೋಗಬಹುದು. ಫೇಲಾದದ್ದು ಹತ್ತೇ ವರ್ಷದ್ದಾದರೂ ನಿಲ್ಲಬೇಕು. ನಮ್ಮ ನಿಯಮ ಹುಟ್ಟಿದ ದಿನಾಂಕ ಮಾತ್ರ ಕೇಳುತ್ತದೆ. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ ಹಳೆಯದು ಹೋಗುವ ತಾರೀಖನ್ನು ನಿಯಮ ಬರೆಯಿತು, ಹೊಸದು ಬರುವ ತಾರೀಖನ್ನು ಯಾವ ನಿಯಮವೂ ಬರೆಯಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಗಾಡಿ ಬರುವ ಹೊತ್ತಿಗೆ ಬಣವೆ ಹೇಗೂ ಹೋಗಿರುತ್ತದೆ, ಹೋಬಳಿಯವರೆಗೆ ಖರ್ಚು ಮಾಡಿ ಉಳಿಸುವುದೇನು? ಮೊದಲರ್ಧ ಸತ್ಯ. ಒತ್ತಾಗಿ ಒಟ್ಟಿದ ರಾಗಿ ಹುಲ್ಲಿನ ಮೇಲೆ ನೀರು ಹೊಡೆದರೆ ಜಾರಿಹೋಗುತ್ತದೆ, ಹೊಟ್ಟೆಯೊಳಗೆ ಕಿಚ್ಚು ಉರಿಯುತ್ತಲೇ ಇರುತ್ತದೆ. ಕೊಕ್ಕೆಯಿಂದಲೋ ಜೆಸಿಬಿಯಿಂದಲೋ ಎಳೆದು ಹರಡಿ ಪದರ ಪದರವಾಗಿ ನೆನೆಸಬೇಕು. 4,500 ಲೀಟರ್ ನೀರು ಒಂದೇ ನಳಿಕೆಯಲ್ಲಿ ಹಿಡಿದು ಬಿಟ್ಟರೂ ಹತ್ತು ನಿಮಿಷದ ಆಚೀಚೆ ಮುಗಿಯುತ್ತದೆ. ಆದ್ದರಿಂದ ಅಗ್ನಿಶಾಮಕರು ಉಳಿಸಲು ಹೋಗುವುದು ಹೊತ್ತಿದ ಬಣವೆಯನ್ನಲ್ಲ, ಅದರ ಪಕ್ಕದ್ದನ್ನು, ಅದರಾಚೆಯ ಕೊಟ್ಟಿಗೆಯನ್ನು, ಕೊಟ್ಟಿಗೆಯಲ್ಲಿ ಕಟ್ಟಿದ ಹಸುವನ್ನು. ಹಾಲಿನಿಂದ ಮನೆ ನಡೆಯುವ ಕಡೆ ಬಣವೆ ಹೋದರೆ ಬೇಸಿಗೆಗೆ ಮೇವು ಕೊಳ್ಳಬೇಕು, ಕೊಳ್ಳಲಾಗದವರು ಹಸು ಮಾರುತ್ತಾರೆ. ಎಲ್ಲರೂ ಮಾರುವ ಕಾಲದಲ್ಲಿ ಮಾರಿದರೆ ಬರುವ ಬೆಲೆ ಗೊತ್ತಿರುವುದೇ. ಬೆಂಕಿ ಅನಾಹುತ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. ಮನೆ ಸುಟ್ಟರೆ, ಜಾನುವಾರು ಸತ್ತರೆ ತಹಶೀಲ್ದಾರರು ಮಹಜರು ಮಾಡಿಸಿ ಚೆಕ್ ಕೊಡುತ್ತಾರೆ. ಹಾಗೆಂದರೆ ಹಳ್ಳಿಯ ಬೆಂಕಿಗೆ ಸರ್ಕಾರ ದುಡ್ಡು ಕೊಡುವುದಿಲ್ಲವೆಂದಲ್ಲ. ಉರಿದ ಮೇಲೆ ಕೊಡುತ್ತದೆ.

ಊರವರೇ ಹಣ ಕೂಡಿಸಿ ಗಾಡಿ ತರಲಿ ಎನ್ನುವವರೂ ಇದ್ದಾರೆ. ಉದಾಹರಣೆ ಅಮೆರಿಕದ್ದು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಸ್ವಯಂಸೇವಕರ ದಳದ ಸಂಪ್ರದಾಯ ಅಲ್ಲಿನ ಹಳ್ಳಿಗಾಡಿನಲ್ಲಿ ಇನ್ನೂ ಬದುಕಿದೆ; ಊಟ ಏರ್ಪಡಿಸಿ, ಚೀಟಿ ಮಾರಿ ಹಳೆಯ ಗಾಡಿಯ ಬದಲಿಗೆ ಹೊಸದನ್ನು ತರಲು ಒದ್ದಾಡುವ ದಳಗಳು ಸಾಕಷ್ಟಿವೆ. ಜರ್ಮನಿಯಲ್ಲೂ ಬೆಂಕಿ ಆರಿಸುವವರಲ್ಲಿ ಬಹುಪಾಲು ಸ್ವಯಂಸೇವಕರೇ. ಆದರೆ ಆ ದಳ ಊರಿನದು, ಅದಕ್ಕೆ ಊರಿನ ತೆರಿಗೆ ಉಂಟು, ಅದರ ಗಾಡಿ ನಿಲ್ಲುವುದು ಊರಿನಲ್ಲಿ. ಅಷ್ಟಿದ್ದೂ ಸಾಲದೆ ಅಮೆರಿಕದ ಒಕ್ಕೂಟ ಸರ್ಕಾರ 2001ರಿಂದ ಅಗ್ನಿಶಾಮಕ ದಳಗಳಿಗೆ ನೇರ ಅನುದಾನ ಕೊಡತೊಡಗಿತು. ಸಾಸಲಿನವರು ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ ಚಂದಾ ಎತ್ತಿದಂತೆ ಇದಕ್ಕೂ ಎತ್ತಬಹುದು. ಎತ್ತಿ ಕೊಂಡ ಗಾಡಿಯನ್ನು ನಡೆಸುವವರು ಯಾರು, ಡೀಸೆಲ್ ಯಾರ ಲೆಕ್ಕದಲ್ಲಿ, 112ಕ್ಕೆ ಬಂದ ಕರೆ ಅವರಿಗೆ ಹೇಗೆ ತಲುಪಬೇಕು? ದಳವನ್ನು ರಾಜ್ಯವೇ 1964ರಲ್ಲಿ ತನ್ನದೆಂದು ತೆಗೆದುಕೊಂಡಿದೆ, ಪಂಚಾಯಿತಿಯ ಪಟ್ಟಿಯಲ್ಲಿ ಅದು ಇಲ್ಲ. ಅಧಿಕಾರ ಕೊಡದೆ ಚಂದಾ ಕೇಳುವುದು ನ್ಯಾಯವಲ್ಲ. ಸ್ವಯಂಸೇವಕರು ಬೇಕೇ ಬೇಕು, ಮೊದಲ ಇಪ್ಪತ್ತು ನಿಮಿಷ ಊರವರದೇ. ತರಬೇತಿ ಪಡೆದ ಹತ್ತು ಜನ ಹುಡುಗರಿದ್ದರೆ ಪಕ್ಕದ ಬಣವೆ ಉಳಿಯುತ್ತದೆ. ಅವರ ಹಿಂದೆ ಬರಲು ಒಂದು ಗಾಡಿ ಇರಬೇಕು ಅಷ್ಟೆ.

ಆ ಗಾಡಿ ಎಲ್ಲಿರಬೇಕೆಂಬುದಕ್ಕೆ ಉತ್ತರವನ್ನು ಹೊರಗೆ ಹುಡುಕಬೇಕಿಲ್ಲ. ತಾಲ್ಲೂಕಿಗೂ ಊರಿಗೂ ನಡುವೆ ಹೋಬಳಿ ಎಂಬ ಘಟಕ ನಮ್ಮ ಆಡಳಿತದಲ್ಲಿ ಹಳೆಯ ಕಾಲದಿಂದ ಇದೆ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ ಹೋಬಳಿಯಲ್ಲಿ. ಬಿತ್ತನೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರ ಹೋಬಳಿಯಲ್ಲಿ. 2008ರ ನವೆಂಬರಿನಲ್ಲಿ ಆರೋಗ್ಯ ಕವಚ 108 ಶುರುವಾದಾಗ ಆಂಬುಲೆನ್ಸುಗಳನ್ನು ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಿ ಸಾಲಾಗಿ ನಿಲ್ಲಿಸಲಿಲ್ಲ. ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳ ಬಳಿಗೂ ಕಳಿಸಿದರು, ಕರೆಯಿಂದ ರೋಗಿಯವರೆಗಿನ ನಿಮಿಷ ಎಣಿಸಿ. ಬೆಂಕಿಗೂ ಅದೇ ಲೆಕ್ಕ ಹೊಂದುತ್ತದೆ. ಹೋಬಳಿಗೆ ಪೂರ್ಣ ಠಾಣೆ ಬೇಕೆಂದು ಹೇಳುತ್ತಿಲ್ಲ. ಅಷ್ಟು ಸಿಬ್ಬಂದಿಯನ್ನು ಮೂರು ಪಾಳಿಗೆ ತುಂಬುವುದು ಇಂದಿನ ಖಾಲಿ ಹುದ್ದೆಗಳ ನಡುವೆ ಆಗದ ಮಾತು. ಓಣಿಯೊಳಗೆ ನುಗ್ಗುವ ಸಣ್ಣ ವಾಹನ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸುಗ್ಗಿಯಿಂದ ಮಳೆಯವರೆಗೆ, ನಾಡಕಚೇರಿಯ ಬಳಿ ನಿಂತರೂ ವರ್ಷದ ಬಹುಪಾಲು ಬೆಂಕಿಗೆ ಸಿಕ್ಕೀತು. ಕರೆಂಟಿನ ಹಂಗಿಲ್ಲದೆ ಮೇಲಿನಿಂದಲೇ ಇಳಿದು ಗಾಡಿ ತುಂಬಿಸುವಷ್ಟು ಓವರ್‌ಹೆಡ್ ಟ್ಯಾಂಕಿನ ಒಂದು ದೊಡ್ಡ ಬಾಯಿ, ನೀರಿರುವ ಕಾಲಕ್ಕೆ ಕೆರೆಯ ಏರಿಯವರೆಗೆ ಗಾಡಿ ಹೋಗುವ ದಾರಿ, ಇವೆರಡಕ್ಕೆ ಪಂಚಾಯಿತಿಯ ಹಣವೇ ಸಾಕು.

ವಾಹನದ ಹಣಕ್ಕೂ ದಾರಿ ಇಲ್ಲದಿಲ್ಲ. ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಷ್ಟ್ರೀಯ ವಿಪತ್ತು ನಿಧಿಯಿಂದ 5,000 ಕೋಟಿ ರೂಪಾಯಿಯನ್ನು ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು 2023ರಲ್ಲಿ ತೆಗೆದಿರಿಸಿದರು. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು ಮುಕ್ಕಾಲು, ರಾಜ್ಯದ್ದು ಕಾಲು. ವಿಪತ್ತಿನ ಹಣವನ್ನು ಉರಿಯುವ ಮುನ್ನ ಖರ್ಚು ಮಾಡಲು ಬಾಗಿಲು ತೆರೆದದ್ದು ಅದರ ಹೆಚ್ಚುಗಾರಿಕೆ. ಆದರೆ ಅದು ಐದು ವರ್ಷದ ಆಯೋಗದ ಅವಧಿಗೆ ಕಟ್ಟಿದ ಹಣ, ವಾಹನಗಳು ಹದಿನೈದು ವರ್ಷಕ್ಕೊಮ್ಮೆ ಹಳತಾಗುತ್ತವೆ. ಒಂದೇ ಸಲ ಗುಂಪಾಗಿ ಕೊಂಡ ಗಾಡಿಗಳು ಒಂದೇ ಸಲ ಗುಂಪಾಗಿ ನಿಲ್ಲುತ್ತವೆ, 2023ರಲ್ಲಿ ಆದದ್ದು ಅದೇ. ಲಾರಿ ಕಂಪನಿಯಿಂದ ಚಾಸಿ ಬರಬೇಕು, ಇನ್ನೊಬ್ಬರ ಶೆಡ್ಡಿನಲ್ಲಿ ಟ್ಯಾಂಕು ಬಾಡಿ ಕಟ್ಟಬೇಕು, ಪಂಪು ಕೂರಿಸಿ ಪರೀಕ್ಷೆ ಮಾಡಬೇಕು. ಟೆಂಡರ್ ಕರೆದ ದಿನದಿಂದ ಗಾಡಿ ಠಾಣೆಗೆ ಬರುವ ಹೊತ್ತಿಗೆ ವರ್ಷ ಉರುಳಿದರೂ ಅಚ್ಚರಿಯಿಲ್ಲ. ಪ್ರತಿ ಗಾಡಿಯ ನೋಂದಣಿ ಯಾವತ್ತು ಮುಗಿಯುತ್ತದೆಂದು ಅದರ ಆರ್‌ಸಿ ಪುಸ್ತಕದಲ್ಲಿ ಮೊದಲ ದಿನವೇ ಬರೆದಿರುತ್ತದೆ. ಹದಿಮೂರನೇ ವರ್ಷದ ಬಜೆಟ್ಟಿನಲ್ಲಿ ಅದರ ಬದಲಿ ಗಾಡಿಗೆ ಹಣ ಇಡಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ. ಹಣಕಾಸು ಇಲಾಖೆಯ ಒಂದು ಸುತ್ತೋಲೆ ಸಾಕು.